ಹೊತ್ತೊಯ್ಯುವ ಪ್ರೀತಿ, ದಾರಿ ಮಾಡುವ ಪ್ರೀತಿ



ಕೆಟ್ಟದ್ದನ್ನು ಮಾಡಿದಾಗ ನಮ್ಮ ಮನಸ್ಸು ಚುಚ್ಚುತ್ತದೆ. ಪಾಪನಿವೇದನೆ ಮಾಡಿ, ಗುರುಗಳ ಬಾಯಿಂದ ಕ್ಷಮೆಯ ಮಾತು ಕೇಳಿ, ಹಗುರಾದ ಹೃದಯದಿಂದ ಮನೆಗೆ ಹಿಂದಿರುಗುತ್ತೇವೆ. ಆದರೆ ಒಳ್ಳೆಯದೆಂದೇ ನಂಬಿ ಮಾಡಿದ ಕೆಲಸವೊಂದು ವರ್ಷಗಳು ಕಳೆದ ಮೇಲೂ ಮನಸ್ಸನ್ನು ಚುಚ್ಚುತ್ತಿದ್ದರೆ ಏನು ಮಾಡುವುದು? ನನಗೆ ಅಂಥದೊಂದು ಅನುಭವವಿದೆ. ಅದನ್ನು ಈ ವಾರ ನಿಮ್ಮ ಮುಂದಿಡುತ್ತೇನೆ. ನಮ್ಮೆಲ್ಲರ ಕುಟುಂಬಗಳಿಗೂ ಇದರಿಂದ ಒಂದು ಪಾಠ ಸಿಗಬಹುದು ಎಂಬುದು ನನ್ನ ಆಸೆ.

ನನ್ನ ಸೋದರಮಾವ ಶಾಲಾ ಮೇಷ್ಟ್ರಾಗಿದ್ದವರು. ಮೂರು ವರ್ಷದ ಮಗುವಾಗಿದ್ದಾಗ ಪೋಲಿಯೋ ತಗುಲಿ ಅವರ ಒಂದು ಕಾಲು ಸೊರಗಿತ್ತು. ಕೋಲೂರಿಕೊಂಡೇ ಶಾಲೆಗೆ ಹೋದರು, ಕೋಲೂರಿಕೊಂಡೇ ಪಾಠ ಹೇಳಿದರು, ಕೋಲೂರಿಕೊಂಡೇ ಪ್ರತಿ ಭಾನುವಾರ ಬಲಿಪೂಜೆಗೆ ಬಂದರು. ಅರವತ್ತು ದಾಟಿದ ಮೇಲೆ ಇನ್ನೊಂದು ಕಾಲೂ ಸೋತಿತು. ಅಂದಿನಿಂದ ಗಾಲಿಕುರ್ಚಿಯೇ ಗತಿಯಾಯಿತು. ಆದರೂ ತಮ್ಮ ಕೆಲಸವನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಮನೆಯ ಹೊಸ್ತಿಲುಗಳನ್ನು ಕೆಡವಿಸಿ, ಬಚ್ಚಲಿಗೆ ಕಂಬಿ ಹಾಕಿಸಿಕೊಂಡಿದ್ದರು.

ಒಂದು ಮಳೆಗಾಲದಲ್ಲಿ ಅತ್ತೆ ಕಾಯಿಲೆ ಬಿದ್ದರು. ಅವರನ್ನು ಸೇರಿಸಿದ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ಮೊದಲ ಮಹಡಿಯಲ್ಲಿತ್ತು. ಲಿಫ್ಟಿನ ಬಾಗಿಲಿಗೆ ‘ರಿಪೇರಿಯಲ್ಲಿದೆ’ ಎಂಬ ರಟ್ಟು ತೂಗುತ್ತಿತ್ತು. ಕೆಳಗಿನಿಂದ ಮೇಲಕ್ಕೆ 22 ಮೆಟ್ಟಿಲು. ನಾನು ಮತ್ತು ನನ್ನ ಇಬ್ಬರು ತಮ್ಮಂದಿರು ಮಾವನನ್ನು ಮರದ ಕುರ್ಚಿಯ ಮೇಲೆ ಕೂರಿಸಿ ಹೊತ್ತುಕೊಂಡು ಹೋದೆವು. ನೋಡಿದವರೆಲ್ಲ, “ಎಂಥ ಒಳ್ಳೆಯ ಹುಡುಗರು!” ಎಂದರು. ಕೇಳಿ ಹಿಗ್ಗಿದೆವು. ಎರಡನೆಯ ದಿನವೂ ಹಾಗೆಯೇ ಹೊತ್ತೆವು. ಎರಡನೆಯ ದಿನ ಕೆಳಗಿಳಿಸಿದ ಮೇಲೆ ಮಾವ ನನ್ನನ್ನು ಹತ್ತಿರ ಕರೆದರು.

“ನಾಳೆಯಿಂದ ನಾನು ಮೇಲಕ್ಕೆ ಬರೋದಿಲ್ಲ ಕಣಪ್ಪಾ” ಎಂದರು.

“ಯಾಕೆ ಮಾವ? ನಮಗೇನು ನೀವು ಭಾರಾನಾ?” ಎಂದೆ.

“ನೀವು ಪ್ರೀತಿಯಿಂದ್ಲೇ ಹೊರ್ತೀರಿ, ನಂಗೆ ಗೊತ್ತು. ಆದ್ರೆ ಅಲ್ಲಿ ಹೋದ ಮೇಲೆ ನಿಮ್ಮತ್ತೆ ನನ್ನ ಮುಖ ನೋಡೋದಿಲ್ಲ. ನೀವು ಏದುಸಿರು ಬಿಡೋದನ್ನ ನೋಡ್ತಾಳೆ. ಇಳಿಸುವಾಗ ಎಲ್ಲಿ ಬೀಳ್ತೀನೋ ಅಂತ ಹೆದರ್ತಾಳೆ. ಸಮಾಧಾನ ಹೇಳೋಕೆ ಹೋದ ನಾನು ಅವಳಿಗೆ ಇನ್ನೊಂದು ಚಿಂತೆ ಆದೆ. ಬೇಡ. ನಾನು ಕೆಳಗೇ ಕೂತು ಜಪಸರ ಮಾಡ್ತೀನಿ.”

ಹಾಗೆಯೇ ಮಾಡಿದರು. ಒಂಬತ್ತು ದಿನ ಔಷಧಿ ಕೊಡುವ ಕಿಟಕಿಯ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಮಣಿ ಎಣಿಸಿದರು. ಹತ್ತನೆಯ ದಿನ ಬೆಳಗಿನ ಜಾವ ಅತ್ತೆ ತೀರಿಕೊಂಡರು. ನಾವು ಮಾವನನ್ನು ಹೊತ್ತು ಮೇಲಕ್ಕೆ ತರುವಷ್ಟರಲ್ಲಿ ದಾದಿಯರು ಆಕೆಯ ಕಣ್ಣು ಮುಚ್ಚಿಸಿದ್ದರು. ಸುಖದಲ್ಲೂ ದುಃಖದಲ್ಲೂ ಜೊತೆಗಿರುತ್ತೇವೆಂದು ಪೀಠದ ಮುಂದೆ ಮಾತು ಕೊಟ್ಟು 41 ವರ್ಷ ಬಾಳಿದ ಗಂಡ ಹೆಂಡಿರ ನಡುವೆ ಕೊನೆಯ ಗಳಿಗೆಯಲ್ಲಿ 22 ಮೆಟ್ಟಿಲು ಅಡ್ಡ ನಿಂತವು.

ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ನನ್ನನ್ನು ಚುಚ್ಚುವುದು ಆಸ್ಪತ್ರೆಯ ತಪ್ಪಲ್ಲ, ನನ್ನದೇ ತಪ್ಪು. ಲಿಫ್ಟ್ ಯಾವಾಗ ಸರಿಯಾಗುತ್ತದೆ ಎಂದು ನಾನು ಒಮ್ಮೆಯೂ ವಿಚಾರಿಸಲಿಲ್ಲ. ಕೆಳಗಿನ ವಾರ್ಡಿನಲ್ಲಿ ಅತ್ತೆಗೊಂದು ಮಂಚ ಕೊಡಿ ಎಂದು ಯಾರನ್ನೂ ಬೇಡಲಿಲ್ಲ. ಕೇಳಿದ್ದರೆ ಕೊಡುತ್ತಿದ್ದರೋ ಏನೋ! ನನಗೆ ಹೊರುವುದು ಗೊತ್ತಿತ್ತು, ಕೇಳುವುದು ಗೊತ್ತಿರಲಿಲ್ಲ. ಹೊತ್ತದ್ದರಿಂದ ನನಗೆ ಹೆಸರು ಬಂತು. ಕೇಳಿದ್ದರೆ ಮಾವನಿಗೆ ದಾರಿ ಸಿಗುತ್ತಿತ್ತು.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ನಡೆಯಲಾರದವನನ್ನು ಹೊತ್ತೊಯ್ಯುವುದು ಪ್ರೀತಿಯ ಕೆಲಸ, ಸರಿ. ಆದರೆ ಆತ ತಾನೇ ಬರಲು ದಾರಿ ಮಾಡಿಕೊಡಬಹುದಾಗಿದ್ದರೂ ಮಾಡದೆ, ಹೊತ್ತೊಯ್ಯುವುದರಲ್ಲೇ ತೃಪ್ತಿಪಟ್ಟರೆ ಅದನ್ನು ಪ್ರೀತಿ ಎನ್ನಬಹುದೇ?

ಮಾಳಿಗೆ ಬಿಚ್ಚಿದ ನಾಲ್ವರು

ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಪಾರ್ಶ್ವವಾಯು ರೋಗಿಯ ಕಥೆ ನಮಗೆಲ್ಲ ಬಾಯಿಪಾಠ. ಕಪೆರ್ನೌಮಿನ ಆ ಮನೆಯ ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ನಾಲ್ವರು ರೋಗಿಯನ್ನು ಹೊತ್ತು ತಂದಿದ್ದಾರೆ. ಈ ನಾಲ್ವರನ್ನು ನಾವು ಯಾವಾಗಲೂ ‘ಹೊತ್ತು ತಂದವರು’ ಎಂದು ನೆನೆಯುತ್ತೇವೆ. ಆದರೆ ಅವರು ಅಷ್ಟನ್ನೇ ಮಾಡಿದ್ದರೆ ಬಾಗಿಲಿನಿಂದಲೇ ಹಿಂದಿರುಗಬೇಕಾಗಿತ್ತು. ಅವರು ಮಾಳಿಗೆಯನ್ನು ಬಿಚ್ಚಿದರು. ಇರುವ ಬಾಗಿಲು ಈ ಮನುಷ್ಯನಿಗೆ ಸಾಲದು ಎಂದು ಕಂಡಾಗ ಕಟ್ಟಡವನ್ನೇ ಬದಲಿಸಿದರು. ಮನೆಯ ಯಜಮಾನನಿಗೆ ಸಿಟ್ಟು ಬಂದಿರಬಹುದು. ಕೆಳಗೆ ಕುಳಿತವರ ತಲೆಯ ಮೇಲೆ ಮಣ್ಣು ಬಿದ್ದಿರಬಹುದು. ಪ್ರಭು ಯೇಸು ಅದಕ್ಕಾಗಿ ಅವರನ್ನು ಗದರಿಸಲಿಲ್ಲ. ಅವರ ವಿಶ್ವಾಸವನ್ನು ಕಂಡರೆಂದು ಮಾರ್ಕನು ಬರೆಯುತ್ತಾನೆ. ಆ ವಿಶ್ವಾಸ ಕಣ್ಣಿಗೆ ಕಂಡದ್ದು ಬಿಚ್ಚಿದ ಮಾಳಿಗೆಯ ರೂಪದಲ್ಲಿ ಅಲ್ಲವೇ?

ಇನ್ನೊಂದು ಚಿತ್ರ ಸಂತ ಯೊವಾನ್ನನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿದೆ. ಜೆರುಸಲೇಮಿನ ಬೆತ್ಸಥಾ ಕೊಳವನ್ನು ಆ ಕಾಲದ ಆಸ್ಪತ್ರೆ ಎನ್ನಬಹುದು. ನೀರು ಕದಡಿದಾಗ ಇಳಿದವನಿಗೆ ಗುಣವಾಗುತ್ತದೆಂಬ ನಂಬಿಕೆ. ಎಂದರೆ, ಓಡಬಲ್ಲವನಿಗೆ ಚಿಕಿತ್ಸೆ, ನಡೆಯಲಾರದವನಿಗೆ ಕಾಯುವಿಕೆ! 38 ವರ್ಷ ನರಳಿದ ಮನುಷ್ಯ ಯೇಸುವಿಗೆ ಹೇಳಿಕೊಂಡ ದೂರು ತನ್ನ ಕಾಯಿಲೆಯದ್ದಲ್ಲ. ತನ್ನನ್ನು ನೀರಿಗೆ ಇಳಿಸುವವರು ಯಾರೂ ಇಲ್ಲವೆಂಬುದೇ ಅವನ ದೂರು. ಇಂದು ನಮ್ಮ ಆಸ್ಪತ್ರೆಗಳ ಮುಂದೆ ಇದೇ ದೂರನ್ನು ಹೊತ್ತು ನಿಂತವರು ಎಷ್ಟು ಮಂದಿ! ಅವರಿಗೆ ಬಂದ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ನಮಗೆ ಬರುವಂಥದೇ. ಆದರೆ ಕೊಳ ತಲುಪುವುದು ಅವರಿಗೆ ಕಷ್ಟ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿದ ವರದಿಯೊಂದು ಈ ಕಷ್ಟದ ಫಲವನ್ನು ಅಂಕಿಗಳಲ್ಲಿ ತೋರಿಸಿತು. ಜಗತ್ತಿನಲ್ಲಿ ಸುಮಾರು 130 ಕೋಟಿ ಜನರಿಗೆ, ಎಂದರೆ ಆರು ಜನರಲ್ಲಿ ಒಬ್ಬರಿಗೆ, ಗಣನೀಯವಾದ ಅಂಗವೈಕಲ್ಯವಿದೆ. ಅವರಲ್ಲಿ ಅನೇಕರು ಇತರರಿಗಿಂತ 20 ವರ್ಷಗಳವರೆಗೂ ಮುಂಚೆ ಸಾಯುತ್ತಾರೆ. ಅಂಗವೈಕಲ್ಯವೇ ಇದಕ್ಕೆಲ್ಲ ಕಾರಣವಲ್ಲ. ತಲುಪಲಾಗದ ಆಸ್ಪತ್ರೆ, ಹತ್ತಲಾಗದ ವಾಹನ, ಬಡತನ, ವೈದ್ಯರ ಅಸಡ್ಡೆ ಇವೆಲ್ಲ ಸೇರಿ ಆಯುಷ್ಯವನ್ನು ಕಡಿದು ಹಾಕುತ್ತವೆ. ನಮ್ಮ ದೇಶದ 2011ರ ಜನಗಣತಿ 2 ಕೋಟಿ 68 ಲಕ್ಷ ಮಂದಿಯನ್ನು ಲೆಕ್ಕ ಹಿಡಿಯಿತು. ಅವರಲ್ಲಿ ಸುಮಾರು 13 ಲಕ್ಷ ಮಂದಿ ನಮ್ಮ ಕರ್ನಾಟಕದವರು. ಇವರೆಲ್ಲ ಯಾರೋ ದೂರದವರಲ್ಲ. ನಮ್ಮ ಧರ್ಮಕೇಂದ್ರದ ಕುಟುಂಬ ಪಟ್ಟಿಯಲ್ಲಿ ಹೆಸರಿದ್ದು, ಭಾನುವಾರ ಬೆಂಚಿನಲ್ಲಿ ಕಾಣಿಸದವರು.

ಸಲ್ಲಬೇಕಾದದ್ದನ್ನು ದಾನವೆನ್ನಬಾರದು

“ಸಹಾಯ ಪಡೆಯುವುದರಲ್ಲೂ ದೀನತೆಯೆಂಬ ಪುಣ್ಯವಿದೆಯಲ್ಲ? ಯೇಸುಸ್ವಾಮಿಯೇ ಶಿಲುಬೆಯ ಹಾದಿಯಲ್ಲಿ ಸಿರೇನ್ ಊರಿನ ಸಿಮೋನನ ನೆರವು ಪಡೆಯಲಿಲ್ಲವೇ?” ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ನೆರವು ಪಡೆಯುವವನು ಅದನ್ನು ದೀನತೆಯಿಂದ ಸ್ವೀಕರಿಸಿ ದೇವರಿಗೆ ಅರ್ಪಿಸಿದರೆ ಅದು ಅವನ ಪುಣ್ಯ. ಆದರೆ ಸಿಮೋನನು ಶಿಲುಬೆ ಹೊತ್ತನೆಂದ ಮಾತ್ರಕ್ಕೆ ಆ ಶಿಲುಬೆಯನ್ನು ಹೊರಿಸಿದ ಸೈನಿಕರು ನಿರ್ದೋಷಿಗಳಾಗಲಿಲ್ಲ. ತ್ಯಾಗವನ್ನು ತಾನಾಗಿ ಅರ್ಪಿಸುವವನು ಒಬ್ಬ, ಇನ್ನೊಬ್ಬನ ಮೇಲೆ ಹೇರಿ ‘ಅರ್ಪಿಸು’ ಎನ್ನುವವನು ಇನ್ನೊಬ್ಬ. ನನ್ನ ಮಾವ ಕೆಳಗೆ ಕುಳಿತು ಜಪಸರ ಮಾಡಿದ್ದು ಅವರ ಪುಣ್ಯ. ಅವರನ್ನು ಅಲ್ಲಿ ಕೂರಿಸಿದ್ದು ನಮ್ಮ ಪುಣ್ಯವಲ್ಲ.

ವಿಶ್ವಗುರು ಎರಡನೆಯ ಜಾನ್ ಪಾಲ್ ಅವರು 1984ರ ಫೆಬ್ರವರಿ 11ರಂದು ಮಾನವ ವೇದನೆಯ ಕ್ರೈಸ್ತ ಅರ್ಥವನ್ನು ಕುರಿತು ಒಂದು ಪ್ರೇಷಿತ ಪತ್ರ ಬರೆದರು. ವೇದನೆಗೆ ಅರ್ಥವಿದೆ, ಅದು ಕ್ರಿಸ್ತನ ವೇದನೆಯೊಂದಿಗೆ ಕೂಡಬಲ್ಲದು ಎಂಬುದನ್ನು ಆ ಪತ್ರ ವಿವರವಾಗಿ ಬೋಧಿಸುತ್ತದೆ. ಆದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಕೊನೆಯ ಭಾಗದಲ್ಲಿ ದಯಾಳುವಾದ ಸಮಾರಿಯದವನ ಸಾಮತಿಗೆ ಬರುತ್ತದೆ. ನೆರೆಯವನ ನೋವನ್ನು ಕಂಡವನು ಅಲ್ಲಿ ನಿಲ್ಲಬೇಕು, ಕೈಲಾದುದನ್ನು ಮಾಡಬೇಕು. ನೋವಿಗೆ ಅರ್ಥವಿದೆಯೆಂದು ಹೇಳಿ ದಾಟಿ ಹೋಗುವ ಹಕ್ಕು ನಮಗಿಲ್ಲ.

ದ್ವಿತೀಯ ವ್ಯಾಟಿಕನ್ ಮಹಾಸಭೆ ಈ ಮಾತನ್ನು ಇನ್ನೂ ನೇರವಾಗಿ ಹೇಳಿದೆ. ಶ್ರೀಸಾಮಾನ್ಯರ ಪ್ರೇಷಿತ ಸೇವೆಯನ್ನು ಕುರಿತು 1965ರ ನವೆಂಬರ್ 18ರಂದು ಹೊರಡಿಸಿದ ದಾಖಲೆಯ ಎಂಟನೆಯ ಭಾಗದ ಬೋಧನೆ ಹೀಗಿದೆ: ಮೊದಲು ನ್ಯಾಯದ ಬೇಡಿಕೆ ಪೂರೈಸಬೇಕು, ನ್ಯಾಯವಾಗಿ ಸಲ್ಲಬೇಕಾದದ್ದನ್ನು ದಾನದ ಕೊಡುಗೆಯೆಂದು ಕೊಡಬಾರದು, ಕಷ್ಟದ ಪರಿಣಾಮವನ್ನಷ್ಟೇ ಅಲ್ಲ, ಅದರ ಕಾರಣವನ್ನೂ ತೆಗೆದುಹಾಕಬೇಕು, ನೆರವು ಪಡೆದವನು ಮೆಲ್ಲಮೆಲ್ಲಗೆ ಇತರರ ಹಂಗಿನಿಂದ ಬಿಡುಗಡೆ ಹೊಂದುವಂತೆ ನೆರವು ನೀಡಬೇಕು. ಇದನ್ನು ಆಸ್ಪತ್ರೆಯ ಮೆಟ್ಟಿಲಿಗೆ ಅನ್ವಯಿಸಿ ನೋಡಿ. ಹೊತ್ತೊಯ್ಯುವುದು ಪರಿಣಾಮಕ್ಕೆ ಮದ್ದು. ಇಳಿಜಾರು ದಾರಿ ಕಾರಣಕ್ಕೆ ಮದ್ದು.

ನಮ್ಮ ದೇಶದ ಕಾನೂನೂ ಇದನ್ನು ಈಗ ಹಕ್ಕೆಂದೇ ಹೇಳುತ್ತದೆ. 1995ರ ಕಾಯಿದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ಅದರ ಬದಲಿಗೆ ಬಂದ 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯಿದೆ 21 ಬಗೆಗಳನ್ನು ಗುರುತಿಸುತ್ತದೆ. ಅದರ 25ನೆಯ ಪ್ರಕರಣದ ಪ್ರಕಾರ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ, ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶವಿರಬೇಕು. ತಪಾಸಣೆ, ಚಿಕಿತ್ಸೆಗಳಲ್ಲಿ ಇವರಿಗೆ ಆದ್ಯತೆ ಸಿಗಬೇಕು. ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಕೊಟ್ಟ ಐದು ವರ್ಷಗಳ ಗಡುವು 2022ರಲ್ಲೇ ಮುಗಿಯಿತು. ದೃಷ್ಟಿದೋಷವುಳ್ಳ ರಾಜೀವ್ ರತೂರಿ ಎಂಬವರು 2005ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿ ಹೋರಾಡಿದರು. ಆ ಮೊಕದ್ದಮೆಯಲ್ಲಿ 2024ರ ನವೆಂಬರ್ 8ರಂದು ಬಂದ ತೀರ್ಪು, ಇಂಥ ಸೌಕರ್ಯಗಳು ಬರಿಯ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದು ಸರ್ಕಾರಕ್ಕೆ ಆದೇಶಿಸಿತು.

ಇವರನ್ನು ಕರೆಯುವ ಹೆಸರನ್ನು ನಾವು ಎಷ್ಟೋ ಸಲ ಬದಲಿಸಿದ್ದೇವೆ. ಅಂಗವಿಕಲರು ಎಂದೆವು, ವಿಕಲಚೇತನರು ಎಂದೆವು, ವಿಶೇಷಚೇತನರು ಎಂದೆವು, ದಿವ್ಯಾಂಗರು ಎಂದೂ ಕರೆದೆವು. ಹೆಸರು ನಾಲ್ಕು ಸಲ ಬದಲಾಯಿತು. ಆಸ್ಪತ್ರೆಯ ಮೆಟ್ಟಿಲು ಮಾತ್ರ ಅನೇಕ ಕಡೆ ಹಾಗೆಯೇ ಇದೆ.

ಕರುಣೆಯ ಕಾರ್ಯ ಅವರಿಗೂ ಸೇರಿದ್ದು

ಆಸ್ಪತ್ರೆಗೆ ಬರುವವರೆಲ್ಲ ರೋಗಿಗಳಲ್ಲ. ರೋಗಿಯನ್ನು ನೋಡಲು ಬರುವವರೂ ಇದ್ದಾರೆ. ಈ ಮಾತನ್ನು ನಾವು ಬಹಳ ಸುಲಭವಾಗಿ ಮರೆಯುತ್ತೇವೆ. ಗಾಲಿಕುರ್ಚಿಯಲ್ಲಿ ಕುಳಿತವನನ್ನು ಆಸ್ಪತ್ರೆಯ ಬಾಗಿಲಲ್ಲಿ ಕಂಡ ಕೂಡಲೇ, “ಪೇಷಂಟ್ ಎಲ್ಲಿಗೆ ಹೋಗಬೇಕು?” ಎಂದು ಕೇಳುತ್ತೇವೆ. ಆತನು ಹೆಂಡತಿಗೆ ಗಂಜಿ ತಂದಿರಬಹುದು, ಮೊಮ್ಮಗುವನ್ನು ನೋಡಲು ಬಂದಿರಬಹುದು ಎಂಬುದು ನಮಗೆ ಹೊಳೆಯುವುದೇ ಇಲ್ಲ.

ರೋಗಿಗಳನ್ನು ಸಂದರ್ಶಿಸುವುದು ಕರುಣೆಯ ಏಳು ಶಾರೀರಿಕ ಕಾರ್ಯಗಳಲ್ಲಿ ಒಂದೆಂದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ಸಂತ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಅಂತಿಮ ತೀರ್ಪಿನ ದಿನ ಪ್ರಭು ನಮ್ಮನ್ನು ಇದೇ ವಿಷಯವಾಗಿ ಕೇಳುತ್ತಾರೆ. ಆ ಪ್ರಶ್ನೆ ಕಾಲಿದ್ದವರಿಗೆ ಮಾತ್ರ ಮೀಸಲೇ? ದೇವರು ಎಲ್ಲರಿಗೂ ಕೊಟ್ಟ ಆಜ್ಞೆಯನ್ನು ಕೆಲವರು ಪಾಲಿಸಲಾಗದಂತೆ ನಾವು ಕಟ್ಟಡ ಕಟ್ಟಿದರೆ ಆ ತಪ್ಪು ಯಾರದು? ಅಂಗವಿಕಲ ಬಂಧುಗಳನ್ನು ಯಾವಾಗಲೂ ಕರುಣೆಯನ್ನು ಪಡೆಯುವವರೆಂದೇ ಎಣಿಸಿ, ಕರುಣೆ ತೋರಿಸುವ ಭಾಗ್ಯವನ್ನು ಅವರಿಂದ ಕಸಿದುಕೊಂಡಿದ್ದೇವೆ. ನನ್ನ ಮಾವನಿಗೆ ನಾವು ಮಾಡಿದ ದೊಡ್ಡ ಅನ್ಯಾಯ ಇದೇ ಎಂದು ಈಗ ತೋರುತ್ತದೆ. ಅವರು ಸಹಾಯ ಪಡೆಯಲು ಬಂದಿರಲಿಲ್ಲ, ಸಹಾಯ ಮಾಡಲು ಬಂದಿದ್ದರು.

ನಮ್ಮ ಸಂತರ ಸಾಲಿನಲ್ಲಿ ಇದಕ್ಕೆ ಸಾಕ್ಷಿಗಳಿದ್ದಾರೆ. ಇಟಲಿಯ ಚಿತ್ತಾ ದಿ ಕಸ್ತೆಲ್ಲೊ ಎಂಬ ಊರಿನ ಸಂತ ಮಾರ್ಗರೇಟಳು 1287ರಲ್ಲಿ ಹುಟ್ಟಿದಳು. ಹುಟ್ಟಿನಿಂದಲೇ ಕಣ್ಣು ಕಾಣದು, ಬೆನ್ನು ಗೂನು, ನಡಿಗೆ ಕುಂಟು. ಸಿರಿವಂತರಾದ ತಂದೆತಾಯಿ ನಾಚಿಕೆಯಿಂದ ಆಕೆಯನ್ನು ಕೋಣೆಯಲ್ಲಿ ಮುಚ್ಚಿಟ್ಟು ಬೆಳೆಸಿದರು. ಪವಾಡದಿಂದ ಗುಣವಾಗಬಹುದೆಂದು ಆ ಊರಿನ ಪುಣ್ಯಸ್ಥಳಕ್ಕೆ ಕರೆದೊಯ್ದರು. ಗುಣವಾಗಲಿಲ್ಲವೆಂದು ಅಲ್ಲಿಯೇ ಬಿಟ್ಟು ಹೋದರು. ಊರಿನ ಬಡವರು ಆಕೆಯನ್ನು ಸಾಕಿದರು. ಮುಂದೆ ಆಕೆ ಸಂತ ದೊಮಿನಿಕರ ಮೂರನೆಯ ಸಭೆಗೆ ಸೇರಿ ಏನು ಮಾಡಿದಳು ಗೊತ್ತೇ? ರೋಗಿಗಳನ್ನೂ ಸೆರೆಯಾಳುಗಳನ್ನೂ ಹುಡುಕಿಕೊಂಡು ಹೋಗಿ ಸೇವೆ ಮಾಡಿದಳು! ಬಾಗಿಲು ಮುಚ್ಚಿಸಿಕೊಂಡಿದ್ದ ಹೆಣ್ಣು ಇತರರ ಬಾಗಿಲು ತಟ್ಟಿದಳು. 2021ರ ಏಪ್ರಿಲ್ 24ರಂದು ವಿಶ್ವಗುರು ಫ್ರಾನ್ಸಿಸ್ ಆಕೆಯನ್ನು ಸಂತರ ಸಾಲಿಗೆ ಸೇರಿಸಿದರು. ಮರುವರ್ಷದ ಮೇ ತಿಂಗಳಲ್ಲಿ ಆ ವಿಶ್ವಗುರುಗಳೇ ಮೊಣಕಾಲಿನ ನೋವಿನಿಂದ ಗಾಲಿಕುರ್ಚಿಯಲ್ಲಿ ಜನರ ಮುಂದೆ ಬಂದರು. 2025ರ ಏಪ್ರಿಲ್ 21ರಂದು ದೈವಾಧೀನರಾಗುವ ತನಕ ಧರ್ಮಸಭೆಯನ್ನು ಮುನ್ನಡೆಸಿದರು.

ರೋಗಿಗಳ ಮತ್ತು ಆಸ್ಪತ್ರೆಗಳ ಪಾಲಕರಾದ ಸಂತ ಕಮಿಲ್ಲಸರ (1550–1614) ಕಾಲಿನಲ್ಲಿ ಜೀವಮಾನವಿಡೀ ವಾಸಿಯಾಗದ ಗಾಯವಿತ್ತು. ರೋಮ್ ನಗರದ ಆಸ್ಪತ್ರೆಗೆ ಅವರು ಮೊದಲು ಹೋದದ್ದು ರೋಗಿಯಾಗಿಯೇ. ಮುಂದೆ ರೋಗಿಗಳ ಸೇವೆಗೆಂದೇ ಒಂದು ಸಭೆಯನ್ನು ಸ್ಥಾಪಿಸಿದರು. ಆಸ್ಪತ್ರೆಯಲ್ಲಿ ರೋಗಿ ಯಾರು, ಸೇವಕ ಯಾರು ಎಂದು ಕಾಲು ನೋಡಿ ತೀರ್ಮಾನಿಸುವ ನಮಗೆ ಇವರ ಬದುಕು ಉತ್ತರ ಹೇಳುತ್ತದೆ.

ಬಾಗಿಲೆಂದರೆ ಮೆಟ್ಟಿಲಷ್ಟೇ ಅಲ್ಲ

ದಾರಿ ಮಾಡುವುದೆಂದರೆ ಸಿಮೆಂಟಿನ ಕೆಲಸ ಮಾತ್ರವಲ್ಲ. ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಕಿವುಡನಾದ ಒಬ್ಬ ಮನುಷ್ಯನನ್ನು ಯೇಸುವಿನ ಬಳಿಗೆ ತರುತ್ತಾರೆ. ಪ್ರಭು ಅವನನ್ನು ಜನಜಂಗುಳಿಯಿಂದ ಪಕ್ಕಕ್ಕೆ ಕರೆದೊಯ್ಯುತ್ತಾರೆ. ಅವನ ಕಿವಿಗಳಲ್ಲಿ ಬೆರಳಿಡುತ್ತಾರೆ, ನಾಲಗೆಯನ್ನು ಮುಟ್ಟುತ್ತಾರೆ. ಕೇಳಿಸದವನಿಗೆ ಅರ್ಥವಾಗುವ ಭಾಷೆಯಲ್ಲಿ, ಸ್ಪರ್ಶದಲ್ಲಿ ಮತ್ತು ಸನ್ನೆಯಲ್ಲಿ ಮಾತಾಡುತ್ತಾರೆ. ಅವನ ಕಾಯಿಲೆ ಊರಿನವರ ಮುಂದೆ ಪ್ರದರ್ಶನವಾಗದಂತೆ ನೋಡಿಕೊಳ್ಳುತ್ತಾರೆ.

ನಮ್ಮಲ್ಲಿ ಏನಾಗುತ್ತದೆ? ಕಿವಿ ಕೇಳಿಸದ ತಾಯಿ ಆಸ್ಪತ್ರೆಗೆ ಬಂದರೆ ಹತ್ತು ವರ್ಷದ ಮಗನೋ ಮಗಳೋ ಸನ್ನೆಯಲ್ಲಿ ವೈದ್ಯರ ಮಾತನ್ನು ಹೇಳಬೇಕು. ತಾಯಿಯ ಗರ್ಭಕೋಶದ ವಿಷಯವನ್ನು, ಗೆಡ್ಡೆಯ ವಿಷಯವನ್ನು ಮಗುವಿನ ಕೈಯಿಂದ ಹೇಳಿಸುತ್ತೇವೆ. ಆ ಮಗುವಿನ ಮನಸ್ಸಿನ ಗತಿ ಏನು? ಆ ತಾಯಿ ಎಷ್ಟು ಸಂಗತಿಗಳನ್ನು ನುಂಗಿಕೊಂಡಾಳು? ಪಾಪನಿವೇದನೆಯ ಗುಟ್ಟನ್ನು ಜೀವ ಹೋದರೂ ಕಾಪಾಡಬೇಕೆಂದು ಬೋಧಿಸುವ ಧರ್ಮಸಭೆ ನಮ್ಮದು. ದೇಹದ ಗುಟ್ಟಿಗೂ ಒಂದು ಮರ್ಯಾದೆಯಿದೆ. ಭಾರತೀಯ ಸನ್ನೆ ಭಾಷೆಯನ್ನು ಬಲ್ಲ ಒಬ್ಬ ದಾದಿ ಅಥವಾ ಒಬ್ಬ ಕನ್ಯಾಸ್ತ್ರೀ ಒಂದು ಆಸ್ಪತ್ರೆಯಲ್ಲಿದ್ದರೆ ಎಂಥ ಉಪಕಾರ! ದಿಲ್ಲಿಯಲ್ಲಿ ಈ ಭಾಷೆಯ ಸಂಶೋಧನೆಗೂ ತರಬೇತಿಗೂ ಸರ್ಕಾರದ ಕೇಂದ್ರವೊಂದು 2015ರಲ್ಲಿ ಸ್ಥಾಪನೆಯಾಯಿತು. ನಮ್ಮ ಯುವಕ ಯುವತಿಯರು ಈ ಕಲಿಕೆಯನ್ನು ಒಂದು ಸೇವೆಯಾಗಿ ಏಕೆ ಕೈಗೊಳ್ಳಬಾರದು?

ಕಣ್ಣು ಕಾಣದ ರೋಗಿಯ ಮುಂದೆ ಕಾಗದ ಹಿಡಿದು, “ಇಲ್ಲಿ ಹೆಬ್ಬೆಟ್ಟು ಒತ್ತಿ” ಎನ್ನುವುದುಂಟು. ಯಾವುದಕ್ಕೆ ಒಪ್ಪಿಗೆ ಕೊಡುತ್ತಿದ್ದೇನೆಂದು ಆತನಿಗೆ ಗೊತ್ತಿರುವುದಿಲ್ಲ. ಅದನ್ನು ಪೂರ್ತಿ ಓದಿ ಹೇಳಲು ಐದು ನಿಮಿಷ ಸಾಕು. ಔಷಧಿಯ ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಬೆಳಗಿನದಕ್ಕೆ ಒಂದು, ರಾತ್ರಿಯದಕ್ಕೆ ಎರಡು ಎಂದು ಗುರುತು ಮಾಡಿಕೊಟ್ಟರೆ ಆತ ಯಾರನ್ನೂ ಕಾಯದೆ ತಾನೇ ಔಷಧಿ ತೆಗೆದುಕೊಳ್ಳಬಲ್ಲ. ಹೆಸರು ಕೂಗಿ ಕರೆಯುವ ಕಡೆ ಕಿವಿ ಕೇಳಿಸದವರು ಬೆಳಗಿನಿಂದ ಸಂಜೆಯವರೆಗೆ ಕುಳಿತೇ ಇರುತ್ತಾರೆ. ಅಂಕಿಯನ್ನು ಫಲಕದಲ್ಲಿ ಮಾತ್ರ ತೋರಿಸುವ ಕಡೆ ಕಣ್ಣು ಕಾಣದವರು ಕುಳಿತೇ ಇರುತ್ತಾರೆ. ಎರಡನ್ನೂ ಮಾಡಬೇಕು. ಬುದ್ಧಿ ಬೆಳವಣಿಗೆ ಕಡಿಮೆಯಿರುವ ಮಕ್ಕಳು ಗದ್ದಲದಲ್ಲಿ ಹೆದರಿ ಕೂಗಾಡುತ್ತಾರೆ. ಮಗುವಿನ ತಾಯಿ ಎಲ್ಲರ ಕಣ್ಣೋಟಕ್ಕೆ ಕುಗ್ಗಿ ಹೋಗುತ್ತಾಳೆ. ಅವರನ್ನು ಮೊದಲು ಒಳಗೆ ಕರೆಯುವುದಕ್ಕೆ ಯಾವ ಖರ್ಚೂ ಇಲ್ಲ.

ಎಲ್ಲಕ್ಕಿಂತ ಸುಲಭವಾದದ್ದೂ ಎಲ್ಲಕ್ಕಿಂತ ಅಪರೂಪವಾದದ್ದೂ ಇನ್ನೊಂದಿದೆ. ವೈದ್ಯರು ಗಾಲಿಕುರ್ಚಿಯಲ್ಲಿ ಕುಳಿತವನನ್ನು ಬಿಟ್ಟು, ಅದನ್ನು ತಳ್ಳುವವನನ್ನು “ಇವರಿಗೇನಾಗಿದೆ?” ಎಂದು ಕೇಳುತ್ತಾರೆ. ಯೇಸುಸ್ವಾಮಿ ಹಾಗೆ ಮಾಡಲಿಲ್ಲ. ಅಂಧನಾದ ಬಾರ್ತಿಮಾಯನಿಗೆ ಏನು ಬೇಕೆಂಬುದು ಎಲ್ಲರಿಗೂ ತಿಳಿದದ್ದೇ ಆಗಿತ್ತು. ಆದರೂ ಪ್ರಭು ಅವನನ್ನೇ ಕೇಳಿದರು. ಕೇಳುವುದೆಂದರೆ ಆತನನ್ನು ಮನುಷ್ಯನೆಂದು ಒಪ್ಪುವುದು. ನಾನು ಮಾವನನ್ನು ಕೇಳದೆಯೇ ಎತ್ತಿಕೊಂಡಿದ್ದೆ.

ನಾವೇನು ಮಾಡಬಹುದು?

“ಇದೆಲ್ಲ ಸರ್ಕಾರದ ಕೆಲಸ, ಆಸ್ಪತ್ರೆಯ ಆಡಳಿತದವರ ಕೆಲಸ” ಎಂದು ಕೈತೊಳೆದುಕೊಳ್ಳುವುದು ಬೇಡ. ಪಿಲಾತನೂ ಕೈತೊಳೆದುಕೊಂಡಿದ್ದ.

ಮೊದಲು ಲೆಕ್ಕ ತಿಳಿದುಕೊಳ್ಳೋಣ. ರ‍್ಯಾಂಪ್ ಎಂದು ಕರೆಯುವ ಇಳಿಜಾರು ದಾರಿಗೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅರ್ಧ ಅಡಿಯ ಮೂರು ಮೆಟ್ಟಿಲುಗಳಿದ್ದರೆ ಹದಿನೆಂಟು ಅಡಿಯ ಇಳಿಜಾರು. ಅನೇಕ ಕಡೆ ನಾಲ್ಕೈದು ಅಡಿಯ ಕಡಿದಾದ ಹಲಗೆ ಇಟ್ಟು ‘ರ‍್ಯಾಂಪ್ ಇದೆ’ ಎನ್ನುತ್ತಾರೆ. ಅದರ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ, ಹತ್ತಿದರೂ ಹಿಂದಕ್ಕೆ ಉರುಳುತ್ತದೆ. ಬಾಗಿಲು ಮೂರು ಅಡಿಯಷ್ಟು ಅಗಲವಿರಬೇಕು. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಬೇಕು, ಒಳಗೆ ಹಿಡಿದುಕೊಳ್ಳಲು ಕಂಬಿ ಬೇಕು. ಆಸ್ಪತ್ರೆಯ ಶೌಚಾಲಯಕ್ಕೆ ಹೋಗಲಾಗದೆಂದು ಬೆಳಗಿನಿಂದ ನೀರು ಕುಡಿಯದೆ ಬರುವ ಹೆಂಗಸರಿದ್ದಾರೆ ಎಂಬುದನ್ನು ನೆನಪಿಡೋಣ. ತಪಾಸಣೆಯ ಮಂಚ ಒಂದಾದರೂ ತಗ್ಗಿನದಾಗಿರಲಿ. ಲಿಫ್ಟ್ ಕೆಟ್ಟರೆ ಅಂದೇ ಸರಿಪಡಿಸಬೇಕಾದ ಯಂತ್ರಗಳ ಪಟ್ಟಿಯಲ್ಲಿ ಅದೂ ಇರಲಿ. ಅದು ಸರಿಯಾಗುವ ತನಕ ರೋಗಿಯನ್ನೋ ವಾರ್ಡನ್ನೋ ಕೆಳಗೆ ತರುವ ವ್ಯವಸ್ಥೆಯಿರಲಿ.

“ಇಷ್ಟೆಲ್ಲ ಖರ್ಚು ಎಷ್ಟು ಜನರಿಗಾಗಿ?” ಎಂಬ ಪ್ರಶ್ನೆ ಪಾಲನಾ ಸಮಿತಿಗಳಲ್ಲೂ ಆಡಳಿತ ಮಂಡಳಿಗಳಲ್ಲೂ ಏಳುತ್ತದೆ. ಇಳಿಜಾರು ದಾರಿಯಲ್ಲಿ ತುಂಬು ಗರ್ಭಿಣಿಯೂ ನಡೆಯುತ್ತಾಳೆ, ಮೊಣಕಾಲು ನೋವಿನ ಅಜ್ಜಿಯೂ ನಡೆಯುತ್ತಾಳೆ, ಸ್ಟ್ರೆಚರೂ ಉರುಳುತ್ತದೆ. ನಾವೂ ನಾಳೆ ಮುದುಕರಾಗುವವರೇ. ಆದರೆ ನಿಜವಾದ ಉತ್ತರ ಇದಲ್ಲ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿ ಹೋದ ಕುರಿಗಾಹಿ ‘ಎಷ್ಟು ಜನರಿಗಾಗಿ?’ ಎಂದು ಕೇಳಲಿಲ್ಲ.

ನಮ್ಮ ನಾಡಿನಲ್ಲಿ ಧರ್ಮಸಭೆಯ ಆಸ್ಪತ್ರೆಗಳಿಗೆ ದೊಡ್ಡ ಪರಂಪರೆಯಿದೆ. ಮಂಗಳೂರಿನ ಕಂಕನಾಡಿಯಲ್ಲಿ ಯೇಸುಸಭೆಯ ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಔಷಧ ಹಂಚಲು ತೊಡಗಿದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು 1886ರಲ್ಲಿ ಸಂತ ಮಾರ್ತಮ್ಮನವರ ಆಸ್ಪತ್ರೆಯನ್ನು ತೆರೆದರು. ಬೇರೆಯವರು ಕಾಲಿಡದಿದ್ದ ಕಾಲದಲ್ಲಿ ನಮ್ಮ ಹಿರಿಯರು ಬಾಗಿಲು ತೆರೆದರು. ಆ ಬಾಗಿಲು ಎಲ್ಲರ ಗಾಲಿಗೂ ಕೋಲಿಗೂ ಸಾಕಾಗುವಂತೆ ಅಗಲಗೊಳಿಸುವುದು ಈಗ ನಮ್ಮ ಪಾಲಿನ ಕೆಲಸ. ನಮ್ಮ ದೇವಾಲಯಗಳಿಗೂ ಇದು ಅನ್ವಯಿಸುತ್ತದೆ. ನಾನು ಮೇಲೆ ಹೇಳಿದ ಕಾಯಿದೆ ಸಾರ್ವಜನಿಕ ಕಟ್ಟಡಗಳಲ್ಲಿ ಪ್ರಾರ್ಥನಾಸ್ಥಳಗಳನ್ನೂ ಸೇರಿಸುತ್ತದೆ. ನಮ್ಮ ದೇವಾಲಯದ ಮುಖದ್ವಾರದಲ್ಲಿ ಎಷ್ಟು ಮೆಟ್ಟಿಲುಗಳಿವೆ ಎಂದು ಈ ಭಾನುವಾರ ಎಣಿಸಿ ನೋಡಿ. ಇಷ್ಟು ವರ್ಷ ಹತ್ತಿದರೂ ನನಗೆ ಗೊತ್ತಿರಲಿಲ್ಲ!

ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು, ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತೇವೆ. 1993ರಲ್ಲಿ ಮೊದಲ ಆಚರಣೆ ನಡೆದದ್ದು ಲೂರ್ದಿನಲ್ಲಿ. ಅಲ್ಲಿ ಗಾಲಿಕುರ್ಚಿಯವರಿಗೆ ಮುಂದಿನ ಸಾಲು, ನಡೆಯಬಲ್ಲವರಿಗೆ ಹಿಂದಿನ ಸಾಲು. ನಮ್ಮ ಧರ್ಮಕೇಂದ್ರಗಳಲ್ಲಿ ಆ 11ರಂದು ವ್ಯಾಧಿಸ್ಥರ ಅಭ್ಯಂಗ ನೀಡಿ, ಹಣ್ಣು ಹಂಚಿ ಕಳುಹಿಸುತ್ತೇವೆ. ಬಹಳ ಒಳ್ಳೆಯದು. ಅದರ ಜೊತೆಗೆ ಅಂದು ಅವರನ್ನೇ ಕುಳ್ಳಿರಿಸಿ, “ಆಸ್ಪತ್ರೆಗೆ ಹೋಗಲು ನಿಮಗೇನು ಅಡ್ಡಿ? ದೇವಾಲಯಕ್ಕೆ ಬರಲು ಏನು ಅಡ್ಡಿ?” ಎಂದು ಕೇಳಿ ಬರೆದುಕೊಳ್ಳೋಣ. ಬರೆದದ್ದರಲ್ಲಿ ಒಂದನ್ನಾದರೂ ಮುಂದಿನ ಫೆಬ್ರವರಿಯೊಳಗೆ ಸರಿಪಡಿಸೋಣ.

ಇನ್ನು ಹೊರುವ ಪ್ರೀತಿ ಬೇಡವೇ? ಬೇಕು. ಎಲ್ಲ ದಾರಿಗಳನ್ನು ಮಾಡಿದ ಮೇಲೂ ಒಬ್ಬರನ್ನೊಬ್ಬರು ಎತ್ತಿಕೊಳ್ಳಬೇಕಾದ ಗಳಿಗೆಗಳು ಬರುತ್ತವೆ. ಆಗ ಹಿಂದೆಗೆಯಬಾರದು. ಆದರೆ ಎತ್ತುವ ಮೊದಲು ಕೇಳೋಣ. ಎತ್ತಿ ಇಳಿಸಿದ ಮೇಲೆ, ಮುಂದಿನ ಸಲ ಎತ್ತಬೇಕಾಗದ ಹಾಗೆ ಏನು ಮಾಡಬಹುದೆಂದು ಯೋಚಿಸೋಣ.

ಮಾವ ತೀರಿಕೊಂಡು ಈಗ ಕೆಲವು ವರ್ಷಗಳಾದವು. ಅವರ ಜಪಸರ ನಮ್ಮ ಮನೆಯ ಪೀಠದ ಮೇಲಿದೆ. ಅವರಿಗೂ ಅತ್ತೆಗೂ ಈಗ ನಡುವೆ ಯಾವ ಮೆಟ್ಟಿಲೂ ಇಲ್ಲವೆಂದು ನಾನು ನಂಬುತ್ತೇನೆ. ಆದರೆ ಪರಲೋಕದಲ್ಲಿ ಮೆಟ್ಟಿಲಿಲ್ಲವೆಂಬ ಸಮಾಧಾನದಿಂದ ಇಹಲೋಕದ ಮೆಟ್ಟಿಲುಗಳನ್ನು ಹಾಗೆಯೇ ಬಿಡುವುದು ಸರಿಯಲ್ಲ. ದೇವರ ಚಿತ್ತ ಪರಲೋಕದಲ್ಲಿ ನೆರವೇರುವಂತೆ ಭೂಲೋಕದಲ್ಲೂ ನೆರವೇರಲೆಂದು ದಿನವೂ ಪ್ರಾರ್ಥಿಸುವವರಲ್ಲವೇ ನಾವು?